ಕುಂಕುಮದ ಐದು ಗೆರೆಗಳು

“ಮುಟ್ಟಬ್ಯಾಡ್ರಿ ಅಕ್ಕಾರ, ಅಳಿಸಿ ಹೋಗ್ತಾವ!”

ಹೊಲಿಗೆ ಮೆಷಿನ್ನಿನ ಹಿಂದಿನಿಂದ ಹಜರತಬಿ ಕೂಗಿದಾಗ ನನ್ನ ಬೆರಳು ಗೋಡೆಯಿಂದ ಒಂದಂಗುಲ ದೂರದಲ್ಲಿತ್ತು. ಗೋಡೆಗೆ ಹೊಡೆದ ಮರದ ಹಲಗೆಯ ಮೇಲೆ ಕಪ್ಪು ಫೋನು. ಅದರ ಪಕ್ಕದ ಸುಣ್ಣದ ಮೇಲೆ ಕುಂಕುಮದ ಐದು ಗೆರೆಗಳು, ಒಂದರ ಕೆಳಗೊಂದು. ಒಂದು ಗೇಣುದ್ದ, ಎರಡು ಉಗುರಿನಷ್ಟು, ಉಳಿದವು ಇವುಗಳ ನಡುವೆ ಎಲ್ಲೋ.

ಮುಸಲ್ಮಾನರ ಮನೆಯ ಗೋಡೆಯ ಮೇಲೆ ಕುಂಕುಮಕ್ಕೇನು ಕೆಲಸ ಎಂದು ತಕ್ಷಣ ಕೇಳಬೇಕಿತ್ತು. ಕೇಳಲಿಲ್ಲ. ನೋಡುತ್ತ ನಿಂತುಬಿಟ್ಟೆ. ಅಕ್ಟೋಬರ್ ಬಿಸಿಲು ಗ್ಯಾಲರಿಯ ಕಟಕಟೆ ದಾಟಿ ಒಳಗೆ ಬಂದು ಗೆರೆಗಳ ಮೇಲೆ ಕೂತಿತ್ತು. ಮುಷ್ಕರವಾದ ಮೇಲೆ ಮುಚ್ಚಿದ ಗಿರಣಿಯ ಚಿಮಣಿಯೊಂದು ಹೊಗೆಯಿಲ್ಲದೆ ಆಕಾಶದಲ್ಲಿ ನಿಂತಿತ್ತು. ಪರೇಲಿನ ಈ ಮಧ್ಯಾಹ್ನಗಳೇ ಹಾಗೆ, ಕಣ್ಣು ತೆರೆದಿದ್ದರೂ ಅರ್ಧ ನಿದ್ದೆಯಲ್ಲಿ ಇದ್ದಂತಿರುತ್ತದೆ.

ನನ್ನನ್ನು ಯಾರಾದರೂ ಪತ್ತೇದಾರಿಣಿ ಎಂದರೆ ನಮ್ಮ ಯಜಮಾನರು ರಾಮಸ್ವಾಮಿ ನಗುತ್ತಾರೆ. ಲೋಕಲ್ ರೈಲಿನಲ್ಲಿ ಕನಸು ಕಾಣುತ್ತ ಕೂತು, ಇಳಿಯಬೇಕಾದ ವಡಾಲ ದಾಟಿ ಹೋಗಿ ಕುರ್ಲಾದಲ್ಲಿ ಎಚ್ಚರಾಗುವವಳು ನೀನು, ಕಳ್ಳರನ್ನು ಹಿಡಿಯುತ್ತೀಯಾ ಅನ್ನುತ್ತಾರೆ. ಏನು ಮಾಡಲಿ, ಇಪ್ಪತ್ತೆರಡು ವರ್ಷ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ಊರೂರಿನ ದನಿಗಳು ನನ್ನೊಳಗಿಂದ ಹಾದು ಹೋಗಿವೆ. ಮುಖ ಮರೆಯುತ್ತೇನೆ, ದನಿ ಮರೆಯುವುದಿಲ್ಲ.

ದನಿಗಾಗಿಯೇ ನನ್ನನ್ನು ಕರೆಸಿದವರು ಸಾಂತಾಕ್ರೂಜಿನ ಹಿರಿಯಣ್ಣನವರು. ಅವರ ಮನೆಗೆ ಮಧ್ಯಾಹ್ನದ ಹೊತ್ತಿಗೆ ಸತ್ತ ಮಗಳ ದನಿಯಲ್ಲಿ ಫೋನು ಬರುತ್ತಿತ್ತು, ಎಕ್ಸ್‌ಚೇಂಜಿನವರು ಕಾವಲು ಕೂತು ಕರೆಯ ಜಾಡು ಹಿಡಿದಾಗ ಸಿಕ್ಕಿದ್ದು ಒಂಟಿಕೋಣೆ ಮನೆಗಳ ಇದೇ ಚಾಳಿನ ಎರಡನೇ ಮಹಡಿಯ ಹಜರತಬಿಯ ನಂಬರು.

ಆ ನಂಬರನ್ನು ಈ ಚಾಳಿಗೆ ತಂದುಕೊಟ್ಟವರೂ ಹಿರಿಯಣ್ಣನವರೇ. ಅವರ ಮಗಳು ಪುಟ್ಟಲಕ್ಷ್ಮಿ ಇಲ್ಲಿನ ಹೆಂಗಸರಿಗೆ ಓದು ಕಲಿಸಲು ಬರುತ್ತಿದ್ದಳಂತೆ. ಇನ್ನೂರು ಜನರ ಚಾಳಿನಲ್ಲಿ ಒಂದು ಫೋನಿಲ್ಲ, ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ತಿಳಿಸುವುದಕ್ಕೂ ದಾರಿಯಿಲ್ಲ ಅಂತ ಮನೆಗೆ ಬಂದು ಜಗಳವಾಡುತ್ತಿದ್ದಳಂತೆ. ಮೂರು ವರ್ಷದ ಹಿಂದೆ ಅವಳು ಕಾಣೆಯಾದಳು. ಹದಿನೈದು ದಿನಕ್ಕೆ ವಡಾಲದ ಕಡೆಯ ಕೆಸರಿನಲ್ಲಿ ಒಂದು ಹೆಣ ಸಿಕ್ಕಿತು. ಅವಳ ಗಂಡ ತಿರುಮಲೇಶ ಸೀರೆಯ ಗುರುತು ಹಿಡಿದು ಬೆಂಕಿ ಕೊಟ್ಟ.

ಮಗಳ ಹೆಸರಿನಲ್ಲಿ ಹಿರಿಯಣ್ಣನವರು ಒಂದು ಟ್ರಸ್ಟ್ ಮಾಡಿದರು. ಕೆಲಸ ಕಳೆದುಕೊಂಡ ಗಿರಣಿಯವರ ಚಾಳುಗಳಲ್ಲಿ ಮಹಡಿಗೊಂದು ಫೋನು. ಠೇವಣಿ ಟ್ರಸ್ಟಿನದು, ಬಾಡಿಗೆಯಲ್ಲಿ ಅರ್ಧ ಟ್ರಸ್ಟಿನದು. ಬಡವರಿಗೆ ಫೋನು ಬೇರೆ ಕೇಡು ಅಂತ ನಕ್ಕವರೂ ಇದ್ದರು. ಷರತ್ತು ಒಂದೇ: ದುರುಪಯೋಗದ ದೂರು ಬಂದರೆ ಫೋನು ವಾಪಸ್ಸು. ಟ್ರಸ್ಟಿನ ಸೆಕ್ರೆಟರಿ ಅಳಿಯ ತಿರುಮಲೇಶನೇ. ಇವತ್ತು ಒಂದು ಗಂಟೆಗೆ ಲೈನ್‌ಮನ್ನನ್ನು ಕರೆದುಕೊಂಡು ಬಂದು ತಂತಿ ಕತ್ತರಿಸುವುದಾಗಿ ಅವನು ಹೇಳಿ ಕಳಿಸಿದ್ದ.

“ಈ ಫೋನ್ ಹೋದ್ರೆ ನಿಮಗೇನಾಗುತ್ತೆ ಹಜರತಬಿ?” ಎಂದೆ.

ಅವಳು ಎದ್ದು ಒಂದು ಶರ್ಟು ತಂದಳು. ಕಾಲರನ್ನು ಮಡಿಚಿ ತೋರಿಸಿದಳು. ಒಳಬದಿಯಲ್ಲಿ ಕೆಂಪು ದಾರದಲ್ಲಿ ಅವಳ ಫೋನ್ ನಂಬರು ಹೊಲಿದಿತ್ತು.

“ನಮ್ಮ ಮನಿಯವರು, ಹಾಜಿಮಲಂಗ ಅಂತ, ಹಡಗನ್ಯಾಗ ಅಡಿಗಿ ಮಾಡ್ತಾರ್ರಿ. ಅವರಿಗೆ ಅಕ್ಷರ ಬರಂಗಿಲ್ಲ, ನನಗೂ ಬರಂಗಿಲ್ಲ. ಅಂಕಿ ಅಷ್ಟ ನೋಡಿ ಹೊಲೀತೀನಿ. ಅವರ ಎಲ್ಲಾ ಅಂಗಿಗೂ ಹೊಲದು ಕೊಟ್ಟೀನಿ. ಯಾವ ಬಂದರಕ್ಕ ಇಳಿದ್ರೂ ಕಾಲರ್ ತಿರುವಿ ತೋರಸ್ತಾರ, ಅಲ್ಲಿಯವರು ಫೋನ್ ಹಚ್ಚಿ ಕೊಡ್ತಾರ. ಹೋದ ಸಲ ಮೊಂಬಾಸಾದಿಂದ ಮಾತಾಡಿದ್ರು. ಇದು ಹೋದ್ರ...” ಅವಳು ಶರ್ಟನ್ನು ಮಡಿಚಿದಳು. “ಇದು ಹೋದ್ರ ಅವರು ಯಾರಿಗೆ ಹಚ್ಚಬೇಕ್ರಿ?”

ಮುಂಬಯಿಯಂಥ ಊರಿನ ಒಬ್ಬ ಮನುಷ್ಯ ತನ್ನ ಹೆಂಡತಿಯನ್ನು ಕಾಲರಿನಲ್ಲಿ ಇಟ್ಟುಕೊಂಡು ಸಮುದ್ರ ಸುತ್ತುತ್ತಿದ್ದಾನೆ. ಏನಾದರಾಗಲಿ, ಈ ಫೋನನ್ನು ಉಳಿಸಿಯೇ ಮನೆಗೆ ಹೋಗಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ.

“ಈ ಕುಂಕುಮ ಯಾರು ಹಚ್ಚಿದ್ದು?”

ಉತ್ತರ ಬಾಗಿಲಿನಿಂದ ಬಂತು. “ನಾನಽ ಹಚ್ಚೀನ್ರಿ!” ಪಕ್ಕದ ಖೋಲಿಯ ಮಲ್ಲಕ್ಕ, ಕೈಯಲ್ಲಿ ಜರಡಿ ಹಿಡಿದೇ ಒಳಗೆ ಬಂದಳು. ವಿಜಾಪುರದ ಕಡೆಯವಳು, ದನಿ ಕಬ್ಬಿಣ. “ಆಯುಧ ಪೂಜಿ ದಿನ. ಹಜರತಬೀ ಮಷಿನ್ನಿಗೆ ಪೂಜಿ ಮಾಡೋ ಮುಂದ ಫೋನಿಗೂ ಮಾಡಿದ್ವಿ. ಫೋನೂ ಆಯುಧನಽ ಅಲ್ಲೇನ್ರಿ?”

“ಹಜರತಬಿ ಬೇಡ ಅನ್ನಲಿಲ್ವಾ?”

“ಮಹಡಿ ಮಂದೀ ಫೋನು, ನಂದಷ್ಟ ಏನು?” ಎಂದಳು ಹಜರತಬಿ. “ಚೆಂಡುಹೂ ಹಾಕಿದ್ರು, ಚಂದ ಕಾಣ್ತಿತ್ತು.”

“ಪೂಜಿ ಆದ ಮ್ಯಾಲ ಮರುದಿನ ಮುಂಜಾನಿ ತನಕಾ ಆಯುಧ ಮುಟ್ಟಬಾರದು ನೋಡ್ರಿ,” ಮಲ್ಲಕ್ಕ ಹೇಳಿದಳು. “ಹಿಂಗಾಗಿ ಅವತ್ತು ಯಾರೂ ಫೋನ್ ಎತ್ತಿಲ್ಲ. ಈ ಇಪ್ಪತ್ತು ಖೋಲಿ ಮಂದಿನ್ನ ಬೇಕಾದ್ರ ಕೇಳ್ರಿ.”

ನಾನು ಕೈಚೀಲದಿಂದ ಚೀಟಿ ತೆಗೆದೆ. ಎಕ್ಸ್‌ಚೇಂಜಿನವರು ಕರೆಯ ಜಾಡು ಹಿಡಿದ ದಿನ, ಗಂಟೆ ಎಲ್ಲ ಅದರಲ್ಲಿತ್ತು. ಆಯುಧ ಪೂಜೆಯ ದಿನವೇ. ಮಧ್ಯಾಹ್ನ ಹನ್ನೆರಡು ಇಪ್ಪತ್ತು.

ನನಗೆ ನಿದ್ದೆ ಪೂರ್ತಿ ಬಿಟ್ಟಿತು.

“ಮಲ್ಲಕ್ಕ, ಪೂಜೆ ಎಷ್ಟು ಹೊತ್ತಿಗೆ ಮಾಡಿದ್ರಿ?”

“ಹನ್ನೆರಡರ ಸುಮಾರ. ಗೋಡಿಗೆ ಕುಂಕುಮ ಹಚ್ಚಾಕ ಬಟ್ಟು ಅದ್ದೀನಿ, ಅಷ್ಟೊತ್ತಿಗೆ ದೇವಿ ನುಡದಳ್ರಿ!” ಅವಳ ಕಣ್ಣು ಅಗಲವಾದವು. “ಯಾರೂ ಮುಟ್ಟಿಲ್ಲ, ಯಾರದೂ ಫೋನ್ ಬಂದಿಲ್ಲ, ಹೂವಿನ ಕೆಳಗ ಗಂಟಿ ತಾನಽ ಸಣ್ಣಂಗ ನಡಗಿತು. ಟಿರ್‌ರ್ ಅಂತ. ಮೊದಲನೇದ್ದಕ್ಕ ನಾ ಹೆದರಿ ನಿಂತೆ. ಆಮ್ಯಾಲ ಮತ್ತ ನುಡದಳು. ದೇವಿ ಎಷ್ಟೊತ್ತು ನುಡೀತಾಳ ಅಷ್ಟೊತ್ತು ಬಟ್ಟು ಎಳದೆ. ನಿಂತಳು, ನಾನೂ ನಿಂತೆ. ಹಂಗ ಐದು ಸಲ.”

“ಅವತ್ತಿಂದ ಚಾಳಿನ ಹೆಂಗಸರು ಬಂದು ಕೈ ಮುಗದು ಹೋಗ್ತಾರ,” ಎಂದಳು ಹಜರತಬಿ. ಅವಳ ದನಿಯಲ್ಲಿ ನಗುವೂ ಇರಲಿಲ್ಲ, ನಂಬಿಕೆಯೂ ಇರಲಿಲ್ಲ. ಆಗಲೇ ಅದನ್ನು ಗಮನಿಸಬೇಕಿತ್ತು.

ನಾನು ಗಮನಿಸಿದ್ದು ಗೆರೆಗಳನ್ನು. ಫೋನಿನ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಒಂದೇ ತಂತಿಗೆ ಎರಡು ಫೋನು ಜೋಡಿಸಿದ್ದರೆ, ಒಂದರಲ್ಲಿ ಅಂಕಿ ತಿರುವಿದಾಗ ಇನ್ನೊಂದರ ಗಂಟೆ ಮೆಲ್ಲಗೆ ನಡುಗುತ್ತದೆ. ಒಂದು ಎಂಬ ಅಂಕಿ ತಿರುವಿದರೆ ಒಂದು ಸಣ್ಣ ಟಿಣ್. ಸೊನ್ನೆ ತಿರುವಿದರೆ ಎಲ್ಲಕ್ಕಿಂತ ಉದ್ದದ ನಡುಕ.

ಗೋಡೆಯ ಮೇಲೆ ಗಿಡ್ಡ, ಬಲು ಉದ್ದ, ಮಧ್ಯಮ, ಗಿಡ್ಡ, ಉದ್ದ. ಚೀಟಿಯಲ್ಲಿದ್ದ ಹಿರಿಯಣ್ಣನವರ ಮನೆಯ ನಂಬರು, ಮಲ್ಲಕ್ಕ ಹೆದರಿ ಬಿಟ್ಟ ಮೊದಲ ಅಂಕಿ ಬಿಟ್ಟರೆ, ಒಂದು, ಸೊನ್ನೆ, ನಾಲ್ಕು, ಒಂದು, ಏಳು. ಮೊದಲ ಅಂಕಿಯನ್ನು ನಾನೂ ಇಲ್ಲಿ ಬರೆಯುವುದಿಲ್ಲ, ಓದುವವರಲ್ಲಿ ಯಾರಾದರೂ ತಿರುವಿ ನೋಡಿಯಾರು.

ಯಾರೋ ಈ ತಂತಿಗೆ ಗುಟ್ಟಾಗಿ ಇನ್ನೊಂದು ಫೋನು ಜೋಡಿಸಿದ್ದರು. ಮಲ್ಲಕ್ಕನ ದೇವಿ ಅವತ್ತು ಸಾಂತಾಕ್ರೂಜಿಗೆ ಮಾತಾಡಿದ್ದಳು.

ಅವಳಿಗೆ ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟದ್ದು ನೆನಪಾಗಿ ಅವಳೇ ಹೊರಟುಹೋದಳು.

ಖೋಲಿಯಲ್ಲಿ ನಾವಿಬ್ಬರೇ ಉಳಿದೆವು. ಹಜರತಬಿ ಮೆಷಿನ್ ತುಳಿಯುತ್ತಿದ್ದಳು. ಚಕ್ರದ ಸದ್ದು, ಕೆಳಗೆ ನಲ್ಲಿಯ ಸದ್ದು, ಬೀದಿಯಲ್ಲಿ ಯಾರೋ ಹಳೆ ಪಾತ್ರೆಗೆ ಕಲಾಯಿ ಹಾಕಿಸಿಕೊಳ್ಳಿ ಎಂದು ಎಳೆದೆಳೆದು ಕೂಗುತ್ತಿದ್ದ ಸದ್ದು. ನನ್ನ ರೆಪ್ಪೆ ಮತ್ತೆ ಭಾರವಾಗತೊಡಗಿತು. ಎಕ್ಸ್‌ಚೇಂಜಿನ ಹಳೆಯ ಮಧ್ಯಾಹ್ನಗಳು ನೆನಪಾದವು. ದೆಹಲಿಯ ಲೈನು, ಮದರಾಸಿನ ಲೈನು, ಮಾತು ಮುಗಿದ ಮೇಲೂ ಇಡಲು ಮನಸ್ಸಿಲ್ಲದೆ ಸುಮ್ಮನೆ ಉಸಿರಾಡುತ್ತ ಇರುತ್ತಿದ್ದ ಗಂಡಹೆಂಡಿರು.

ಟಿರ್‌ರ್.

ಮೆಷಿನ್ ನಿಂತಿತು. ಹಲಗೆಯ ಮೇಲೆ ಫೋನು ಯಾರೂ ಮುಟ್ಟದೆ ನಡುಗಿತು. ಆಮೇಲೆ ಒಂದು ಟಿಣ್. ಆಮೇಲೆ ಉದ್ದದ ನಡುಕ. ನಾನು ಬೆರಳಿನಲ್ಲಿ ಎಣಿಸಿದೆ. ಅದೇ ನಂಬರು.

ಎದ್ದೆ. ಒಂದು ಬೆರಳಿನಿಂದ ರಿಸೀವರಿನ ಅಡಿಯ ಗುಂಡಿಯನ್ನು ಒತ್ತಿ ಹಿಡಿದು, ರಿಸೀವರ್ ಎತ್ತಿ, ಬಾಯಿಯ ಕಡೆಗೆ ಅಂಗೈ ಮುಚ್ಚಿ, ಗುಂಡಿಯನ್ನು ಮೆಲ್ಲಗೆ ಬಿಟ್ಟೆ. ನನ್ನ ಕಾಲದ ಆಪರೇಟರುಗಳು ಯಾರೂ ಈ ಕೈಚಳಕ ಮರೆತಿರುವುದಿಲ್ಲ.

“ಅಕ್ಕಾರ, ಬ್ಯಾಡ...” ಹಜರತಬಿ ಪಿಸುಗುಟ್ಟಿದಳು.

ಆ ತುದಿಯಲ್ಲಿ ಹಿರಿಯಣ್ಣನವರು. “ಹಲೋ? ನೀನೇನಾ?”

“ಅಪ್ಪಾ, ಊಟ ಆಯ್ತಾ?”

ಎಳೆಯ ದನಿ, ಸ್ವಲ್ಪ ಒಡೆದದ್ದು. ಮೈಸೂರಿನ ಹಿತ್ತಲಿನಲ್ಲಿ ನಿಂತು ಮಾತಾಡಿದ ಹಾಗೆ.

“ಆಯ್ತಮ್ಮ. ನಿನ್ನ ಮಲ್ಲಿಗೆ ಗಿಡ ಈ ಸಲ ತುಂಬಾ ಹೂ ಬಿಟ್ಟಿದೆ.”

ಆ ಹುಡುಗಿ ನಕ್ಕಳು. ನಗು ಕೆಮ್ಮಾಯಿತು. “ನಾನು ಹಾಕಿದ್ದು ಕಾಕಡ, ಅಪ್ಪ. ಮಲ್ಲಿಗೆ ಅಲ್ಲ. ದಿನಾ ಒಂದೊಂದು ಪರೀಕ್ಷೆ ಮಾಡ್ತೀರಲ್ಲ. ನಂಬಿಕೆ ಬರದೇ ಇದ್ರೂ ಪರವಾಗಿಲ್ಲ, ಬಿಳಿ ಮಾತ್ರೆ ಊಟಕ್ಕೆ ಮುಂಚೆ ತಗೊಳ್ಳಿ.”

ಮುದುಕರು ಅತ್ತರು. ಸದ್ದಿಲ್ಲದೆ ಅಳುವವರ ಉಸಿರು ನನಗೆ ಚೆನ್ನಾಗಿ ಗೊತ್ತು. ಅಂಗೈ ಮುಚ್ಚಿಕೊಂಡು ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಆಗ ಬೀದಿಯಲ್ಲಿ ಕಲಾಯಿಯವನು ಮತ್ತೆ ಕೂಗಿದ. ಅವನ ಕೂಗು ಕಿಟಕಿಯಿಂದ ನನ್ನ ಎಡಕಿವಿಗೆ ಬಂತು. ಅದೇ ಕೂಗು, ಅದೇ ಗಳಿಗೆಯಲ್ಲಿ, ಫೋನಿನ ಒಳಗಿಂದ ಬಲಕಿವಿಗೂ ಬಂತು.

ಅವಳು ಇದೇ ಚಾಳಿನಲ್ಲಿದ್ದಳು.

ಕರೆ ಮುಗಿಯಿತು. ರಿಸೀವರ್ ಇಟ್ಟು ತಿರುಗಿದೆ. “ಹಜರತಬಿ! ನಿಮ್ಮ ಫೋನ್ ಉಳೀತು! ಕರೆ ಇಲ್ಲಿಂದ ಹೋಗಿಲ್ಲ ಅಂತ ಸಾಬೀತು ಮಾಡ್ತೀನಿ.”

ಅವಳು ಕೈ ಮುಗಿದಳು. “ಕೇಳಿದ್ದನ್ನ ಹೊಟ್ಟ್ಯಾಗ ಇಟ್ಕೊಳ್ರಿ ಅಕ್ಕಾರ. ನಿಮ್ಮ ಕಾಲಿಗೆ ಬೀಳ್ತೀನಿ. ಫೋನ್ ಹೋದ್ರ ಹೋಗಲಿ.”

“ಹೆದರಬೇಡಿ. ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ.”

“ಅಲ್ಲಾ ಕಸಂ, ಮಾತಾಡಬ್ಯಾಡ್ರಿ...”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಡವಿ, ಸರಕಾರ ಕಚೇರಿ ಅಂದರೆ ಹೆದರುತ್ತಾಳೆ ಎಂದುಕೊಂಡೆ. ಜಾಣತನದ ಅಮಲು ಏರಿದವರಿಗೆ ಕಿವಿ ಕೇಳಿಸುವುದಿಲ್ಲ. ಕಿವಿಯಿಂದಲೇ ಅನ್ನ ತಿಂದ ನನಗೂ ಕೇಳಿಸಲಿಲ್ಲ.

ತಿರುಮಲೇಶ ಬಾಗಿಲಲ್ಲಿ ಚಪ್ಪಾಳೆ ತಟ್ಟಿದ ಹಾಗೆ ನಮಸ್ಕಾರ ಮಾಡಿದ. ಬಿಳಿ ಶರ್ಟು, ಎಣ್ಣೆ ಹಾಕಿ ಬಾಚಿದ ತಲೆ, ಮೃದುವಾದ ದನಿ. ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡ ಲೈನ್‌ಮನ್.

“ಸುಮಿತ್ರಮ್ಮನವರೇ, ಮಾವನವರು ನಿಮಗೆ ಸುಮ್ನೆ ತೊಂದರೆ ಕೊಟ್ಟಿದ್ದಾರೆ. ವಯಸ್ಸಾಯ್ತು, ಪಾಪ.” ಹಜರತಬಿಯ ಕಡೆಗೆ ತಿರುಗಿದ. “ನೋಡಮ್ಮ, ಇದೊಂದು ಫಾರಂ. ಫೋನನ್ನ ನಾನೇ ತಪ್ಪಾಗಿ ಬಳಸಿದ್ದು ಅಂತ ಬರೆದಿದೆ. ಹೆಬ್ಬೆಟ್ಟು ಒತ್ತು. ಪೊಲೀಸು ಗಿಲೀಸು ಏನೂ ಇಲ್ಲ, ಬರೀ ಫಾರ್ಮಾಲಿಟಿ.”

ಮೆಷಿನ್ನಿನ ಮೇಲೆ ಫಾರಮನ್ನೂ ಶಾಯಿಯ ಡಬ್ಬಿಯನ್ನೂ ಇಟ್ಟ.

“ಅದನ್ನ ಒಳಗಿಟ್ಕೊಳ್ಳಿ ತಿರುಮಲೇಶ್,” ಎಂದೆ. “ಕರೆ ಮಾಡಿದ್ದು ಈಕೆ ಅಲ್ಲ.”

“ಎಕ್ಸ್‌ಚೇಂಜಿನ ರಿಪೋರ್ಟ್ ಇದೆಯಲ್ಲ, ಮೇಡಂ.”

“ರಿಪೋರ್ಟು ತಂತಿಯ ಮಾತು ಹೇಳುತ್ತೆ, ಫೋನಿನ ಮಾತಲ್ಲ. ಆಯುಧ ಪೂಜೆ ದಿನ ಈ ಫೋನನ್ನ ಯಾರೂ ಮುಟ್ಟಿಲ್ಲ. ಈ ತಂತಿಗೆ ಇನ್ನೊಂದು ಫೋನ್ ಜೋಡಿಸಿದ್ದಾರೆ. ಅದು ಈ ಚಾಳಿನ ಒಳಗೇ ಇದೆ. ಈಗಷ್ಟೇ ನಾನೇ ಕಿವಿಯಾರೆ ಕೇಳಿದೆ.”

ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಅನ್ನಿಸಿತು. ಕುಂಕುಮದ ಗೆರೆಗಳನ್ನೂ ಒಂದೊಂದಾಗಿ ತೋರಿಸಿದೆ. ತಿರುಮಲೇಶ ನಡುವೆ ಬಾಯಿ ಹಾಕದೆ ಕೇಳಿದ. ಹಜರತಬಿ ಕಣ್ಣು ಮುಚ್ಚಿಕೊಂಡಿದ್ದಳು.

“ದನಿ ಕೇಳಿದ್ರಾ?” ಎಂದ ಕೊನೆಗೆ.

“ಕೇಳಿದೆ.”

ಅವನು ಒಂದು ಹೆಜ್ಜೆ ಹತ್ತಿರ ಬಂದ. “ಇನ್ನೂ ಕೆಮ್ತಾಳಾ ಅವಳು?”

ಕೆಮ್ಮಿನ ವಿಷಯ ನಾನು ಹೇಳಿರಲಿಲ್ಲ. ಹೆಂಡತಿಗೆ ಬೆಂಕಿ ಕೊಟ್ಟು ಮೂರು ವರ್ಷವಾದ ಗಂಡ ‘ಇನ್ನೂ’ ಎಂದು ಕೇಳುವುದಿಲ್ಲ. ಈತನಿಗೆ ಅವಳು ಸತ್ತಿಲ್ಲವೆಂದು ಮೊದಲಿನಿಂದಲೂ ಗೊತ್ತಿತ್ತು. ಹಾಗಾದರೆ ಅವತ್ತು ಚಿತೆಯ ಮೇಲೆ ಇದ್ದವಳು ಯಾರು? ಆ ಸೀರೆ ಅವಳ ಮೈಮೇಲೆ ಹೇಗೆ ಬಂತು?

ಅವನಿಗೂ ತನ್ನ ತಪ್ಪು ತಿಳಿಯಿತು. ಮುಚ್ಚಿಡಲು ಹೋಗಲಿಲ್ಲ. ಮೆಲ್ಲಗೆ ನಕ್ಕ, ಅಷ್ಟೇ. ಫೋನು ಕತ್ತರಿಸಲು ಬಂದವನಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತ್ತು, ಪುಟ್ಟಲಕ್ಷ್ಮಿ ಅವನಿಂದ ಅಡಗಿ ಕೂತ ಜಾಗದ ಸುಳಿವು. ಅದನ್ನು ಅವನ ಕೈಗೆ ತೆಗೆದುಕೊಟ್ಟವಳು ನಾನು. ಹಜರತಬಿ ಕಾಲಿಗೆ ಬೀಳುತ್ತೇನೆ ಎಂದು ಯಾಕೆ ಬೇಡಿಕೊಂಡಳೆಂದು ಈಗ ಅರ್ಥವಾಯಿತು. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು.

ತಿರುಮಲೇಶ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತ.

“ನಿನ್ನ ಗಂಡ ಹಡಗಿನಲ್ಲಿ ಇದ್ದಾನಲ್ವಾ? ನೋಡು, ಈ ಫಾರಂ ಹರಿದು ಹಾಕ್ತೀನಿ. ಫೋನ್ ಇಲ್ಲೇ ಇರಲಿ. ಬಾಡಿಗೇನೂ ಇನ್ಮೇಲೆ ಪೂರ್ತಿ ಟ್ರಸ್ಟಿಂದೇ. ನೀನು ಬದುಕಿರೋ ತನಕ. ಒಂದೇ ಮಾತು ಹೇಳು ಸಾಕು, ಆ ಇನ್ನೊಂದು ಫೋನ್ ಯಾವ ಖೋಲೀಲಿ ಇದೆ?”

“ನನಗ ಗೊತ್ತಿಲ್ರಿ.”

“ಗೊತ್ತಿದೆ. ಹೇಳದೇ ಇದ್ರೆ ಈಗಲೇ ಕತ್ತರಿಸ್ತಾನೆ. ನಿನ್ನ ಗಂಡ ಎಲ್ಲೋ ನಿಂತ್ಕೊಂಡು ಇಲ್ಲದ ನಂಬರು ತಿರುಗಿಸ್ತಾ ಇರ್ತಾನೆ. ಯೋಚನೆ ಮಾಡು.”

“ತಿರುಮಲೇಶ್, ಆಕೆಯನ್ನ ಬಿಡಿ!” ಎಂದೆ. ನನ್ನ ದನಿಗೆ ಬೆಲೆಯಿರಲಿಲ್ಲ. ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಜರತಬಿ ಫೋನನ್ನು ನೋಡಿದಳು. ಅವಳ ಕಿವಿಯೊಳಗೆ ಯಾವ ಬಂದರಿನ ಗದ್ದಲ, ಯಾರ ದನಿ ಇತ್ತೋ ನನಗೆ ಗೊತ್ತಿಲ್ಲ. ತೊಡೆಯ ಮೇಲಿದ್ದ ಶರ್ಟಿನ ಕಾಲರನ್ನು ಬೆರಳಿನಿಂದ ಸವರುತ್ತಿದ್ದಳು. ನನಗೆ ಕೂಗಿಬಿಡೋಣ ಅನ್ನಿಸಿತು, ಹೇಳು ತಾಯಿ, ಹೇಳಿ ನಿನ್ನ ಫೋನು ಉಳಿಸಿಕೋ ಅಂತ. ಮರುಕ್ಷಣ, ಬಿಳಿ ಮಾತ್ರೆ ಊಟಕ್ಕೆ ಮುಂಚೆ ತಗೊಳ್ಳಿ ಅಂದ ದನಿ ನೆನಪಾಗಿ ತುಟಿ ಕಚ್ಚಿಕೊಂಡೆ.

ಅವಳು ಶರ್ಟನ್ನು ಪಕ್ಕಕ್ಕಿಟ್ಟಳು. ಶಾಯಿಯ ಡಬ್ಬಿಗೆ ಹೆಬ್ಬೆರಳು ಅದ್ದಿ ಫಾರಮಿನ ಮೇಲೆ ಒತ್ತಿದಳು.

“ಫೋನ್ ನಾನಽ ಮಾಡೀನಿ. ಅಕ್ಕಾರು ಕನಸ ಕಂಡಾರ,” ಎಂದಳು. “ಕತ್ತರಿಸ್ರಿ.”

ಲೈನ್‌ಮನ್ ಚೀಲದಿಂದ ಇಕ್ಕಳ ತೆಗೆದ. ತಿರುಮಲೇಶ ಕೈ ಎತ್ತಿ ಅವನನ್ನು ತಡೆದ. ಎದ್ದು ಬಾಗಿಲಿಗೆ ಹೋಗಿ, ಕಿಟಕಿಯಿಂದ ಹೊರಬಿದ್ದು ಗ್ಯಾಲರಿಯ ಗೋಡೆಗುಂಟ ಮೆಟ್ಟಿಲ ಕಡೆಗೆ ಇಳಿಯುತ್ತಿದ್ದ ಕಪ್ಪು ತಂತಿಯನ್ನು ನೋಡಿದ.

“ಕತ್ತರಿಸಬೇಡ,” ಎಂದ. “ಅದನ್ನ ಹಿಡ್ಕೊಂಡು ಕೆಳಗೆ ಇಳಿ. ಎಲ್ಲಿ ಎರಡಾಗುತ್ತೋ ಅಲ್ಲಿ ನಿಲ್ಲು, ನಾನು ನಿನ್ನ ಹಿಂದೆನೇ ಇದೀನಿ.”

ಲೈನ್‌ಮನ್ ಇಕ್ಕಳವನ್ನು ಜೇಬಿಗೆ ಸೇರಿಸಿ, ತಂತಿಯ ಮೇಲೆ ಬೆರಳಾಡಿಸುತ್ತ ಮೊದಲ ಮೆಟ್ಟಿಲು ಇಳಿದ.